ಜಡಿಮಳೆ, ಸೋರುವ ಮಾಳಿಗೆ, ಒಂದು ಸಣ್ಣ ನೆಗಡಿ

ಕನ್ನಡದಲ್ಲಿ ಮಳೆ ಬಗ್ಗೆ ಬರೆದದ್ದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿದರೆ ಮುಕ್ಕಾಲು ಪಾಲು ಮಲೆನಾಡು, ಕರಾವಳಿಯದ್ದೇ ಇರುತ್ತೆ ಅನಿಸುತ್ತೆ. ಹಂಚಿನ ಮನೆ, ಅಡಿಕೆ ತೋಟ, ಹಲಸಿನ ಹಪ್ಪಳ, ಬಚ್ಚಲ ಒಲೆ ಮುಂದೆ ಮುದುಡಿ ಮಲಗಿದ ಬೆಕ್ಕು... ಓದೋಕೆ ಬಹಳ ಚೆಂದ. ಆದರೆ ನಮ್ಮ ಕಡೆಯವರು, ಅಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನವರು, ಮಳೆ ಬಗ್ಗೆ ಬರೆಯೋದು ಕಡಿಮೆ. ಕಾರಣ ಸರಳ. ಬರೆಯೋಕೆ ಮೊದಲು ಮಳೆ ಬರಬೇಕಲ್ಲ! :-)

ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿ.ಮೀ. ಒಳಗೇ ಮಳೆ ಬೀಳೋದು. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಇದರ ಮೂರು ಪಟ್ಟಿಗೂ ಹೆಚ್ಚು ಸುರಿಯುತ್ತೆ. ಪಶ್ಚಿಮ ಘಟ್ಟ ಮೋಡಗಳ ನೀರನ್ನೆಲ್ಲ ತನ್ನ ಆಚೆ ಮಗ್ಗುಲಲ್ಲೇ ಹಿಂಡಿಕೊಂಡು ನಮಗೆ ಬರೀ ಗಾಳಿ ಕಳಿಸುತ್ತೆ. ನಮ್ಮ ನಿಜವಾದ ಮಳೆ ಸೆಪ್ಟೆಂಬರಿನಲ್ಲಿ, ಉತ್ತರಿ, ಹಸ್ತದ ಹೊತ್ತಿಗೆ. ಎರಿ ಹೊಲಕ್ಕೆ ಹಿಂಗಾರಿ ಜೋಳ ಬಿತ್ತುವವರ ಜೀವ ನಿಂತಿರೋದು ಈ ಮಳೆ ಮೇಲೇ.

ಈ ಹೊತ್ತಿನಲ್ಲಿ ಒಮ್ಮೊಮ್ಮೆ ಜಡಿ ಹಿಡಿಯುತ್ತೆ. ಗುಡುಗು ಸಿಡಿಲಿನ ಆರ್ಭಟ ಇಲ್ಲ, ಜೋರೂ ಇಲ್ಲ. ಎರಡು ದಿನ, ಮೂರು ದಿನ ಬಿಡದೆ ಜಿಟಿಜಿಟಿ. ಹೊಲದ ಕೆಲಸ ಬಂದ್. ಮನೆಯಲ್ಲಿ ಒಬ್ಬರಿಗಾದರೂ ನೆಗಡಿ, ಇನ್ನೊಬ್ಬರಿಗೆ ಮೈಕೈ ನೋವು, ಮಕ್ಕಳಿಗೆ ಕೆಮ್ಮು. ಹೊರಗಿನವರಿಗೆ ಇದು ಸೂಟಿ ದಿನದ ಹಾಗೆ ಕಾಣಬಹುದು. ಮನೆಯೊಳಗಿನ ಕೆಲಸದ ಪಟ್ಟಿ ನೋಡಿ: ಸೋರೋ ಜಾಗಕ್ಕೆಲ್ಲ ಬೋಗುಣಿ, ತಂಬಿಗೆ, ಕೊಡ ಇಡೋದು. ತುಂಬಿದ್ದನ್ನ ಚೆಲ್ಲಿ ಮತ್ತೆ ಇಡೋದು. ಹಾಸಿಗೆ, ಜೋಳದ ಚೀಲ ಒಣ ಮೂಲೆಗೆ ಸರಿಸೋದು. ಕುಳ್ಳು, ಕಟ್ಟಿಗೆ ಒಳಗೆ ತರೋದು. ಬೆಳಕಿಂಡಿಗೆ ಕಲ್ಲು ಮುಚ್ಚೋದು. ಗೋಣಿಚೀಲದ ಕೊಪ್ಪಿ ಹಾಕಿಕೊಂಡು ಮಾಳಿಗೆ ಹತ್ತಿ, ಸೋರೋ ಜಾಗ ಹುಡುಕಿ, ಅಲ್ಲಿ ಮಣ್ಣು ಹಾಕಿ ತುಳಿಯೋದು. ನಡುವೆ ಶುಂಠಿ, ಮೆಣಸು, ಬೆಲ್ಲದ ಕಷಾಯ.

"ಏ ತಮ್ಮಾ, ಮ್ಯಾಳಗಿ ಮ್ಯಾಲೆ ಒಂದ್ ಬುಟ್ಟಿ ಮಣ್ಣ ಒಗದು ಬಾರೋ" ಅಂತ ನಮ್ಮ ಕಡೆ ಎಷ್ಟು ಮನೆಗಳಲ್ಲಿ ಎಷ್ಟು ತಲೆಮಾರು ಹೇಳಿರಬಹುದು? ಈ ಸಣ್ಣ ಕೆಲಸಗಳಿಗೂ ಒಂದು ಇತಿಹಾಸ ಇದೆ, ಮತ್ತೆ ಅದು ಸಣ್ಣದಲ್ಲ ಅಂತ ನನಗೆ ಇತ್ತೀಚೆಗೆ ಗಟ್ಟಿಯಾಗಿ ಅನ್ನಿಸೋಕೆ ಶುರುವಾಗಿದೆ. ಅದನ್ನೇ ಬರೀತಿದೀನಿ.

ಮೊದಲು ಮಾಳಿಗೆ. ಹಂಚಿನ ಮನೆಯವರಿಗೆ ಇದು ಹೊಸದಾಗಿರಬಹುದು, ಹಾಗಾಗಿ ಸ್ವಲ್ಪ ವಿವರ. ಕಟ್ಟಿಗೆ ಕಂಬ, ಅದರ ಮೇಲೆ ತೊಲೆ, ತೊಲೆ ಮೇಲೆ ಜಂತಿ, ಅದರ ಮೇಲೆ ಹಲಗೆ ಅಥವಾ ಕಡ್ಡಿ-ಸೊಪ್ಪಿನ ಹಾಸು, ಅದರ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲಿನ ಪದರ ಬೇರೆ ಮಣ್ಣು, ಕರಲು ಮಣ್ಣು. ಬೆಳೆಗೆ ಬಾರದ ಸವಳು ಜಾಗದಿಂದ ತರೋದು. ಇದರಲ್ಲಿ ಸೋಡಿಯಂ ಅಂಶ ಜಾಸ್ತಿ. ನೀರು ತಾಗಿದಾಗ ಅಂಥ ಮಣ್ಣಿನ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡಿರದೆ ಬಿಡಿಬಿಡಿಯಾಗಿ ಹರಡಿ, ನಡುವಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗಲು ಬಿಡದ ದುರ್ಗುಣವೇ ಮಾಳಿಗೆ ಮೇಲೆ ಸದ್ಗುಣ! ಜೊತೆಗೆ ಉಪ್ಪಿನಂಶದಿಂದ ಹುಲ್ಲೂ ಅಷ್ಟಾಗಿ ಹುಟ್ಟೋದಿಲ್ಲ. ರಸಾಯನಶಾಸ್ತ್ರದ ಪುಸ್ತಕ ನೋಡದವರು ಕಂಡುಕೊಂಡ ವಾಟರ್‌ಪ್ರೂಫಿಂಗ್ ಇದು.

ವರ್ಷದ ಹತ್ತು ತಿಂಗಳು ಈ ಮನೆಗೆ ಸಾಟಿ ಇಲ್ಲ. ಹೊರಗೆ 40 ಡಿಗ್ರಿ ಬಿಸಿಲಿದ್ದರೂ ಒಳಗೆ ತಂಪು. ಮಾಳಿಗೆ ಮೇಲೆ ಮೆಣಸಿನಕಾಯಿ, ಸಂಡಿಗೆ ಒಣಹಾಕಬಹುದು, ಬೇಸಿಗೆಯಲ್ಲಿ ಮಲಗಬಹುದು. ಅಂದರೆ ಇದು ಮಳೆ ಬಾರದ ದಿನಗಳಿಗಾಗಿ ಕಟ್ಟಿದ ಮನೆ. ಮಳೆ ಬರೋ ಆ ಕೆಲವು ದಿನಗಳನ್ನು ಕಟ್ಟಡ ನೋಡಿಕೊಳ್ಳೋದಿಲ್ಲ, ಮನೆಯಲ್ಲಿರೋ ಮನುಷ್ಯರು ನೋಡಿಕೊಳ್ಳಬೇಕು. ನನ್ನ ವೃತ್ತಿಯ ಭಾಷೆಯಲ್ಲಿ ಹೇಳೋದಾದರೆ, ಇಲ್ಲಿ ಮೇಂಟೆನೆನ್ಸ್ ಅನ್ನೋದು ಆಮೇಲೆ ಸೇರಿಸಿದ್ದಲ್ಲ, ಡಿಸೈನಿನ ಭಾಗವೇ ಅದು.

ಜೋರು ಮಳೆ ಬಂದರೆ ನೀರು ಮಾಳಿಗೆಯ ಇಳಿಜಾರಿನಲ್ಲಿ ಹರಿದು ದೋಣಿಯಿಂದ ಹೊರಗೆ ಬೀಳುತ್ತೆ, ಅಷ್ಟೇನೂ ತೊಂದರೆ ಇಲ್ಲ. ಕಷ್ಟ ಕೊಡೋದು ಜಡಿ. ನಿಧಾನಕ್ಕೆ, ಬಿಡದೆ, ಒಳಗಿಳಿಯುತ್ತೆ. ಶಿಶುನಾಳ ಶರೀಫರು (1819-1889) ಸೋರುವ ಮಾಳಿಗೆಯನ್ನ ತತ್ವಪದಕ್ಕೆ ತಂದಾಗ ಕೇಳುಗರಿಗೆ ಅರ್ಥ ಬಿಡಿಸಿ ಹೇಳಬೇಕಾದ ಅಗತ್ಯ ಇರಲಿಲ್ಲ. ಅವರ ಕಡೆಯ ಊರುಗಳಲ್ಲೂ ನಮ್ಮ ಕಡೆಯ ಹಾಗೇ ಮಣ್ಣಿನ ಮಾಳಿಗೆಗಳು. ಕೇಳಿದವರಲ್ಲಿ ಅರ್ಧ ಜನ ಅದೇ ವಾರ ಮನೆಯಲ್ಲಿ ಬೋಗುಣಿ ಇಟ್ಟು ಬಂದವರಿರಬೇಕು.

ಸೋರೋ ಚಾವಣಿಯ ಚಿಂತೆ ಎಷ್ಟು ಹಳೆಯದು ಅಂತ ನೋಡಬೇಕಾದರೆ ಐಹೊಳೆಗೆ ಹೋಗಬೇಕು. ಹುನಗುಂದ ತಾಲೂಕಿನ ಈ ಊರಿಗೆ ಬರೋರೆಲ್ಲ ದುರ್ಗ ಗುಡಿ ಎದುರು ಫೋಟೋ ತೆಗೆಸಿಕೊಂಡು ಹೋಗ್ತಾರೆ. ಅದರ ಹತ್ತಿರವೇ ಇರೋ ಲಾಡ್ ಖಾನ್ ಗುಡಿಯ ಚಾವಣಿಯನ್ನ ತಲೆ ಎತ್ತಿ ನೋಡೋರು ಕಡಿಮೆ. ಇಳಿಜಾರಾಗಿ ಕಲ್ಲಿನ ಚಪ್ಪಡಿಗಳನ್ನು ಜೋಡಿಸಿದ್ದಾರೆ. ಎರಡು ಚಪ್ಪಡಿ ಕೂಡೋ ಕಡೆ ಸಂದಿ ಉಳಿಯುತ್ತಲ್ಲ, ಆ ಸಂದಿ ಮೇಲೆ ಉದ್ದಕ್ಕೂ ಮರದ ತೊಲೆಯ ಆಕಾರದ ಕಿರಿದಾದ ಕಲ್ಲಿನ ಪಟ್ಟಿ ಕೂರಿಸಿದ್ದಾರೆ, ನೀರು ಒಳಗಿಳಿಯದಿರಲಿ ಅಂತ. ಮೊದಲಿನ ವಿದ್ವಾಂಸರು ಈ ಗುಡಿಯನ್ನ 5ನೇ ಶತಮಾನದ್ದು ಅಂದಿದ್ದರು. ಈಗ ಸಾಮಾನ್ಯವಾಗಿ 7ನೇ ಶತಮಾನದ ಕೊನೆ ಅಥವಾ 8ನೇ ಶತಮಾನದ ಶುರುವಿನದು ಅಂತಾರೆ. ಹೇಗೇ ಲೆಕ್ಕ ಹಾಕಿದರೂ ಸಾವಿರದ ಮುನ್ನೂರು ವರ್ಷಗಳ ಹಿಂದೆ, ಶಿಲ್ಪದ ಸೊಬಗನ್ನೆಲ್ಲ ಪಕ್ಕಕ್ಕಿಟ್ಟು, "ಇಲ್ಲಿ ಸೋರುತ್ತೆ, ಏನು ಮಾಡೋಣ?" ಅಂತ ಕೂತು ಯೋಚಿಸಿದ ಒಬ್ಬ ಕಲ್ಲುಕುಟಿಗ ಇದ್ದ. ನನಗೆ ಅವನ ಮೇಲೆ ವಿಶೇಷ ಪ್ರೀತಿ.

ಗುಡಿಗೆ ಆ ಹೆಸರು ಬಂದದ್ದು ಅಲ್ಲಿ ವಾಸವಾಗಿದ್ದ ಲಾಡ್ ಖಾನ್ ಎಂಬುವರಿಂದ. ಅವರೊಬ್ಬರೇ ಅಲ್ಲ. ಪುರಾತತ್ವ ಇಲಾಖೆಯವರು ರಕ್ಷಣೆಗೆ ತಗೊಳ್ಳೋ ಮುಂಚೆ ಐಹೊಳೆಯ ಹಲವು ಗುಡಿಗಳಲ್ಲಿ ಜನ ಸಂಸಾರ ಮಾಡ್ತಿದ್ದರು, ದನ ಕಟ್ಟುತ್ತಿದ್ದರು. ಇತಿಹಾಸದ ಪುಸ್ತಕಗಳು ಇದನ್ನ ಸ್ವಲ್ಪ ಮುಖ ಸಿಂಡರಿಸಿಕೊಂಡು ಬರೆಯುತ್ತವೆ. ಆದರೆ ಜಡಿಮಳೆಯ ರಾತ್ರಿ ಯೋಚನೆ ಮಾಡಿ. ಊರಿನ ಮಣ್ಣಿನ ಮಾಳಿಗೆಗಳೆಲ್ಲ ಸೋರ್ತಿರುವಾಗ ಚಾಲುಕ್ಯರ ಕಾಲದ ಕಲ್ಲಿನ ಸೂರಿನ ಕೆಳಗೆ ಒಲೆ ಹಚ್ಚಿಕೊಂಡು ಕೂತವರು ಜಾಣರಲ್ಲವೇ?

ರಾಜರೂ ಮಳೆಯ ಲೆಕ್ಕ ಇಟ್ಟಿದ್ದರು, ಆದರೆ ಬೇರೆ ರೀತಿ. ಒಂದನೇ ಪುಲಕೇಶಿ ಬಾದಾಮಿ ಬೆಟ್ಟವನ್ನ ಕೋಟೆ ಮಾಡಿದ ವಿಷಯ ಅಲ್ಲಿಯ ಬಂಡೆಗಲ್ಲಿನ ಶಾಸನದಲ್ಲಿದೆ: ಶಕ 465, ಅಂದರೆ ಕ್ರಿ.ಶ. 543. ಶತ್ರುವಿಗೆ ಹತ್ತಲಾಗದ ಕಡಿದಾದ ಬಂಡೆ ಅನ್ನೋದು ಒಂದು ಲಾಭ. ಮಳೆ ಬಂದಾಗ ಅದೇ ಬಂಡೆಗಳ ಮೇಲಿಂದ ನೀರು ಧುಮುಕಿ ಕೆಳಗಿನ ಅಗಸ್ತ್ಯ ತೀರ್ಥಕ್ಕೆ ಬಂದು ಸೇರುತ್ತೆ ಅನ್ನೋದು ಇನ್ನೊಂದು. ಈಗಲೂ ಮಳೆಗಾಲದಲ್ಲಿ ಅಕ್ಕ-ತಂಗಿ ಜಲಪಾತ ನೋಡೋಕೆ ಜನ ಹೋಗ್ತಾರೆ, ಮಳೆ ನಿಂತು ಸ್ವಲ್ಪ ಹೊತ್ತಿಗೆ ಅಕ್ಕನೂ ಇಲ್ಲ ತಂಗಿಯೂ ಇಲ್ಲ. ಅಷ್ಟು ಬೇಗ ಓಡಿಹೋಗೋ ನೀರನ್ನ ಹಿಡಿದಿಟ್ಟುಕೊಂಡರೆ ಮಾತ್ರ ಇಲ್ಲಿ ರಾಜಧಾನಿ ಸಾಧ್ಯ ಅಂತ ಅವರಿಗೆ ಗೊತ್ತಿತ್ತು. ಕೋಟೆ ಕಟ್ಟಿದವನ ಹೆಸರು ಕಲ್ಲಿನ ಮೇಲೆ ಉಳಿಯಿತು. ಕೆಳಗಿನ ಊರಿನಲ್ಲಿ ಅವತ್ತು ಯಾರ ಮನೆ ಸೋರಿತು, ಯಾರು ಮೇಲೆ ಹತ್ತಿದರು, ಯಾರ ಮಗುವಿಗೆ ಜ್ವರ ಬಂತು ಅಂತ ಯಾರೂ ಕೆತ್ತಲಿಲ್ಲ.

ಜ್ವರದ ಮಾತಿಗೆ ಬರ್ತೀನಿ, ಯಾಕಂದರೆ ಈ ಬರಹದ ಭಾರವಾದ ಭಾಗ ಅದು.

ನಮ್ಮ ಕಡೆ ಬರಗಳಿಗೆ ಹೆಸರಿವೆ. 1791-92ರದ್ದು ಡೋಗಿ ಬರ, ಸತ್ತವರ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದರಿಂದ ಬಂದ ಹೆಸರು. 1876-78ರದ್ದು ಧಾತು ಈಶ್ವರ ಬರ, ಆ ಎರಡು ಸಂವತ್ಸರಗಳ ಹೆಸರಿನಿಂದ. ಆಗ ನಮ್ಮ ಊರುಗಳೆಲ್ಲ ಮುಂಬಯಿ ಪ್ರಾಂತ್ಯದ ಕಲಾದಗಿ ಜಿಲ್ಲೆಗೆ ಸೇರಿದ್ದವು. (ಜಿಲ್ಲೆಯ ಕೇಂದ್ರ 1885ರಲ್ಲಿ ಬಿಜಾಪುರಕ್ಕೆ ಹೋಯಿತು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ.) 1872ರ ಜನಗಣತಿಯಲ್ಲಿ ಈ ಜಿಲ್ಲೆಯಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ಇದ್ದರು. 1881ರಲ್ಲಿ ಉಳಿದದ್ದು ಸುಮಾರು 6.4 ಲಕ್ಷ. ಐವರಲ್ಲಿ ಒಬ್ಬರು ಇಲ್ಲ. ಕೆಲವರು ಗುಳೆ ಹೋದರು, ಬಹಳ ಜನ ಸತ್ತರು.

ಸತ್ತವರೆಲ್ಲ ಹಸಿವಿನಿಂದಲೇ ಸತ್ತರು ಅಂತ ನಾವು ಅಂದುಕೊಳ್ತೀವಿ. ನಿಜ ಇನ್ನೂ ಕ್ರೂರವಾಗಿದೆ. 1877ರ ಕೊನೆಗೆ ಮಳೆ ಬಂತು. ಎಲ್ಲರೂ ಬೇಡಿಕೊಂಡ ಮಳೆ. ಅದರ ಹಿಂದೆಯೇ ಥಂಡಿ ಜ್ವರ, ಅಂದರೆ ಮಲೇರಿಯಾ ಬಂತು. ಒಣಗಿದ್ದ ಕುಣಿ, ಹಳ್ಳ, ಹೊಂಡಗಳಲ್ಲೆಲ್ಲ ನೀರು ನಿಂತು ಸೊಳ್ಳೆ ಹುಟ್ಟಿದವು. ಹೊಟ್ಟೆಗಿಲ್ಲದೆ ಸೊರಗಿದ್ದ ಮೈ ಜ್ವರ ತಡೆಯಲಿಲ್ಲ. ಒಳ್ಳೆಯ ವರ್ಷದಲ್ಲಿ ಕಂಬಳಿ ಹೊದ್ದು ನಾಲ್ಕು ದಿನ ಮಲಗಿ ಏಳಬಹುದಾಗಿದ್ದ ಜ್ವರ ಆ ವರ್ಷ ಮನೆಗಳನ್ನೇ ಖಾಲಿ ಮಾಡಿತು. ಈ ಜ್ವರ ಸೊಳ್ಳೆಯಿಂದ ಬರುತ್ತೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನ ಕಂಡದ್ದು 1897ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷ ತಡವಾಗಿ.

1918ರಲ್ಲಿ ಮತ್ತೆ ಅದೇ ಜೋಡಿ. ಆ ವರ್ಷ ಮುಂಗಾರು ದೇಶದುದ್ದಕ್ಕೂ ಕೆಟ್ಟಿತ್ತು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಮುಂಬಯಿ ಪ್ರಾಂತ್ಯದ ತುಂಬ ಇನ್‌ಫ್ಲುಯೆಂಜಾ ಹಬ್ಬಿತು. ಶುರುವಾಗೋದು ಹೇಗೆ? ನೆಗಡಿ, ಮೈಕೈ ನೋವು, ತಲೆನೋವು. ನಾವು ಇವತ್ತು "ಏನಿಲ್ಲ ಬಿಡ್ರಿ, ಮಳಿ ಹವಾ" ಅಂತ ತಳ್ಳಿಹಾಕುತ್ತೀವಲ್ಲ, ಅದೇ ಲಕ್ಷಣಗಳು. ಇಡೀ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. 2020ರಲ್ಲಿ ಒಂದು ಕೆಮ್ಮಿಗೆ ಎದ್ದು ದೂರ ಹೋಗಿ ಕೂತ ನಮ್ಮ ತಲೆಮಾರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಎಲ್ಲ ಕತ್ತಲೆಯೇ ಅಲ್ಲ. ಆ ಬರದ ಪಾಠದಿಂದಲೇ ಬಂದದ್ದು ಹೋಟಗಿ-ಗದಗ ರೈಲು ದಾರಿ. 1884ರಲ್ಲಿ ಬಿಜಾಪುರ, ಬಾಗಲಕೋಟೆ, ಬಾದಾಮಿ ಮೇಲೆ ಹಾದು ಹೋದ ಈ ದಾರಿಯ ಉದ್ದೇಶಗಳಲ್ಲಿ ಮುಖ್ಯವಾದದ್ದು ಮುಂದಿನ ಬರದಲ್ಲಿ ಕಾಳು ಬೇಗ ತಲುಪಿಸೋದು. ಕಾಳಿನ ಜೊತೆ ಪೇಟೆಯ ಔಷಧಿಗೂ ದಾರಿ ಆಯಿತು. ಕಾಶೀನಾಥುನಿ ನಾಗೇಶ್ವರರಾವ್ 1893ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಅಮೃತಾಂಜನ ಮುಂದೆ ನಮ್ಮ ಅಜ್ಜಿಯರ ದಿಂಬಿನ ಕೆಳಗೆ ಕಾಯಂ ಜಾಗ ಹಿಡಿಯಿತು. ಓಂಕಾಳಿನ ಹೊಗೆ, ಅರಿಷಿಣ ಹಾಕಿದ ಹಾಲು, ಹಣೆಗೆ ಅಮೃತಾಂಜನ. ಮಳೆಗಾಲದ ನಮ್ಮ ಮನೆಯ ವಾಸನೆ ಅಂದರೆ ಈ ಮೂರು, ಜೊತೆಗೆ ಹಸಿ ಕಟ್ಟಿಗೆಯ ಹೊಗೆ.

ಮಳೆ ದಿನ ಮನೆಯಲ್ಲಿರೋದು ಎಲ್ಲರಿಗೂ ಒಂದೇ ಅಲ್ಲ ಅನ್ನೋದಕ್ಕೆ ಇಳಕಲ್ ಸಾಕ್ಷಿ. ಇಳಕಲ್ ಸೀರೆ ಗೊತ್ತಿಲ್ಲದವರು ಯಾರಿದ್ದಾರೆ! ಟೋಪ ತೆನಿ ಸೆರಗು, ಗೋಮಿ, ಗಾಯತ್ರಿ, ಚಿಕ್ಕಿ ಪರಾಸ್ ದಡಿ. ಮೈಯ ಹಾಸಿಗೆ ಸೆರಗಿನ ಹಾಸನ್ನ ಒಂದೊಂದೇ ಎಳೆ ಕೊಂಡಿ ಹಾಕಿ ಸೇರಿಸೋದು ಇದರ ವಿಶೇಷ. ಆದರೆ ನೇಕಾರನಿಗೆ ಮನೆಯೇ ಕಾರ್ಖಾನೆ. ಸಾಂಪ್ರದಾಯಿಕ ಕುಣಿಮಗ್ಗ ಅಂದರೆ ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯೋದು. ಜಡಿ ಹಿಡಿದರೆ ಕುಣಿಗೆ ತೇವ ಏರುತ್ತೆ. ತೇವದಲ್ಲಿ ದಿನಕ್ಕೆ ಎಂಟು-ಹತ್ತು ಗಂಟೆ ಕಾಲಿಟ್ಟವರ ಕೀಲುನೋವು ಕೇಳಬೇಡಿ. ಇನ್ನು ಹಾಸಿನ ನೂಲಿಗೆ ಗಂಜಿ ಹಚ್ಚಿ ಬೀದಿಯಲ್ಲಿ ಉದ್ದಕ್ಕೆ ಎಳೆದು ಬಿಸಿಲಿಗೆ ಒಣಗಿಸಬೇಕು. ಬಿಸಿಲಿಲ್ಲದಿದ್ದರೆ ಹಾಸು ಇಲ್ಲ, ಹಾಸಿಲ್ಲದಿದ್ದರೆ ಸೀರೆ ಇಲ್ಲ, ಸೀರೆ ಇಲ್ಲದಿದ್ದರೆ ಕೂಲಿ ಇಲ್ಲ. ಅದರ ಮೇಲೆ ಮಗ್ಗದ ಮೇಲೆಯೇ ಮಾಳಿಗೆ ಸೋರಿದರೆ? ಮನೆಯಲ್ಲಿದ್ದ ಒಂದೇ ಪರಾತವನ್ನ ಹಾಸಿಗೆಯ ಮೇಲೆ ಇಡಬೇಕೋ ಮಗ್ಗದ ಮೇಲೆ ಇಡಬೇಕೋ ಅನ್ನೋ ಪ್ರಶ್ನೆ ಬಂದರೆ ನೇಕಾರರ ಮನೆಯಲ್ಲಿ ಮಗ್ಗವೇ ಗೆಲ್ಲುತ್ತೆ. ಇಷ್ಟಾಗಿಯೂ ಮಳೆ ಬರಲಿ ಅಂತಲೇ ಅವರೂ ಬೇಡಿಕೊಳ್ತಾರೆ. ಒಕ್ಕಲಿಗನ ಹೊಲ ಬೆಳೆಯದಿದ್ದರೆ ಮದುವೆಗೆ ಸೀರೆ ಕೊಳ್ಳೋರು ಯಾರು?

ಈಗ 2009ಕ್ಕೆ ಬರೋಣ. ಆ ವರ್ಷ ಮುಂಗಾರು ಶುರುವಿನಲ್ಲಿ ಕೈಕೊಟ್ಟಿತ್ತು, ಬರದ ಮಾತೇ ನಡೆದಿತ್ತು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆ ಬಿದ್ದ ಮಳೆ ಯಾರ ನೆನಪಿನ ಲೆಕ್ಕಕ್ಕೂ ಸಿಗಲಿಲ್ಲ. ಮಲಪ್ರಭೆ ಉಕ್ಕಿದಳು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಮನೆ ಬಿದ್ದವು. ಹೊಳೆಯ ನೀರು ಬಾರದ ಊರುಗಳಲ್ಲೂ ಮನೆ ಬಿದ್ದು ಸತ್ತವರಿದ್ದರು. ಯಾಕೆ?

ಒಂದು ಸಣ್ಣ ಲೆಕ್ಕ ಮಾಡೋಣ. 10 ಅಡಿಗೆ 15 ಅಡಿಯ ಒಂದು ಕೋಣೆ. ಮಾಳಿಗೆ ಮೇಲೆ ಒಂದಡಿ ಮಣ್ಣು. ಒಟ್ಟು 150 ಘನ ಅಡಿ, ಅಂದರೆ ಸುಮಾರು 4.2 ಘನ ಮೀಟರ್. ಒಣ ಮಣ್ಣು ಘನ ಮೀಟರಿಗೆ ಒಂದೂವರೆ ಟನ್ ಅಂತ ಹಿಡಿದರೂ ತಲೆ ಮೇಲೆ ಆರು ಟನ್ನಿಗೂ ಹೆಚ್ಚು ಭಾರ. ಪೂರ್ತಿ ನೆಂದು ನೀರು ಕುಡಿದರೆ ಎಂಟು ಟನ್ ದಾಟುತ್ತೆ. ಮೂರು ದಿನದಲ್ಲಿ ಮಾಳಿಗೆ ಮೇಲೆ ಯಾರೋ ಸದ್ದಿಲ್ಲದೆ 50 ಕೆಜಿಯ 40 ಚೀಲ ಜೋಳ ಪೇರಿಸಿಟ್ಟ ಹಾಗೆ. ಅದೇ ಹೊತ್ತಿಗೆ ಕೆಳಗೆ ಮಣ್ಣಿನ ಗೋಡೆಯ ಬುಡವೂ ನೆನೆದಿರುತ್ತೆ. ವರ್ಷ ವರ್ಷ ಹಳೇ ಮಣ್ಣು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕುತ್ತ ಹೋಗಿದ್ದರೆ ಮಣ್ಣು ಒಂದಡಿಗೆ ನಿಂತಿರೋದಿಲ್ಲ. ದುಡಿಯೋರೆಲ್ಲ ಗೋವಾ, ಮಂಗಳೂರು, ಬೆಂಗಳೂರಿಗೆ ಹೋಗಿ ಮನೆಯಲ್ಲಿ ಮುದುಕರಷ್ಟೇ ಉಳಿದಿದ್ದರೆ ಮೇಲೆ ಹತ್ತಿ ನೋಡೋರೂ ಇರೋದಿಲ್ಲ. ಸಣ್ಣ ಕೆಲಸ ತಪ್ಪಿದ ಮನೆಗಳ ಮೇಲೆ ದೊಡ್ಡ ಮಳೆ ಬಂದರೆ ಏನಾಗಬೇಕೋ ಅದಾಯಿತು. ಸರಿಯಾಗಿ ನೋಡಿಕೊಂಡ ಮನೆಗಳೂ ಎಷ್ಟೋ ಬಿದ್ದವು ಅನ್ನೋದೂ ನಿಜ. ಅಂಥ ಮಳೆಗೆ ಆ ಮನೆಗಳನ್ನ ಕಟ್ಟಿರಲೇ ಇಲ್ಲ.

ಆಮೇಲೆ ಸರ್ಕಾರ ದಾನಿಗಳ ನೆರವಿನಿಂದ ಆಸರೆ ಮನೆಗಳನ್ನ ಕಟ್ಟಿಸಿತು. ಊರುಗಳಲ್ಲೂ ಕೈಲಾದವರು ಆರ್‌ಸಿಸಿ ಹಾಕಿಸಿದರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಮತ್ತೆ ಬಂದು ಪಟ್ಟದಕಲ್ಲಿನ ಗುಡಿಗಳ ಅಂಗಳದ ತನಕ ನೀರು ನಿಂತಾಗ ಆ ದೃಶ್ಯ ಎಲ್ಲ ಟೀವಿಯಲ್ಲೂ ಬಂತು. ಮಣ್ಣಿನ ಮನೆ ಬಿದ್ದವರ ಸುದ್ದಿ ಅಷ್ಟು ಹೊತ್ತು ಓಡಲಿಲ್ಲ.

ಮಾಳಿಗೆ ಮನೆ ಹೋಯಿತಲ್ಲ ಅಂತ ಬೆಂಗಳೂರಲ್ಲಿ ಕೂತು ಕಣ್ಣೀರು ಹಾಕೋದು ನನಗೆ ಸರಿ ಕಾಣೋದಿಲ್ಲ. ರಾತ್ರಿ ಮಳೆ ಬಂದಾಗ ನಿಶ್ಚಿಂತೆಯಿಂದ ಮಲಗೋ ಹಕ್ಕು ಎಲ್ಲರಿಗೂ ಇದೆ, ಬೇಸಿಗೆಯಲ್ಲಿ ಆರ್‌ಸಿಸಿ ಕೆಳಗೆ ಬೆಂದರೂ ಸರಿ. ನನ್ನ ಬೇಸರ ಬೇರೆ. ಯಾವ ಮಣ್ಣು, ಎಲ್ಲಿಂದ ತರಬೇಕು, ಎಷ್ಟು ದಪ್ಪ ಹಾಕಬೇಕು, ಎಷ್ಟು ವರ್ಷಕ್ಕೊಮ್ಮೆ ಕೆರೆಯಬೇಕು, ಕೆಳಗೆ ಸೋರೋ ಜಾಗಕ್ಕೂ ಮೇಲೆ ನೀರು ಇಳಿಯೋ ಜಾಗಕ್ಕೂ ಎಷ್ಟು ಅಂತರ ಇರುತ್ತೆ, ಯಾವ ಕೆಮ್ಮಿಗೆ ಕಷಾಯ ಸಾಕು, ಯಾವ ಜ್ವರಕ್ಕೆ ಗಾಡಿ ಕಟ್ಟಿಸಿಕೊಂಡು ದವಾಖಾನೆಗೆ ಓಡಬೇಕು... ಈ ತಿಳಿವಳಿಕೆ ಇದ್ದದ್ದು ಹೆಚ್ಚಾಗಿ ಹೆಂಗಸರ ಹತ್ತಿರ, ವಯಸ್ಸಾದವರ ಹತ್ತಿರ. ಪುಲಕೇಶಿಯ ಶಾಸನ ಓದೋ ವಿದ್ವಾಂಸರು ಇದ್ದಾರೆ. ಈ ತಿಳಿವಳಿಕೆಯನ್ನ ಬರೆದಿಟ್ಟವರು ಬಹಳ ಕಡಿಮೆ, ಮತ್ತೆ ಅದನ್ನ ಬಲ್ಲವರ ವಯಸ್ಸು ಈಗ ಎಪ್ಪತ್ತು ದಾಟಿದೆ.

ಅದಕ್ಕೇ ಓದೋರಲ್ಲಿ ಒಂದು ವಿನಂತಿ. ವಿಜಾಪುರ, ಗದಗ, ರಾಯಚೂರು, ಕೊಪ್ಪಳ, ಎಲ್ಲೆಲ್ಲಿ ಮಣ್ಣಿನ ಮಾಳಿಗೆ ಇತ್ತೋ ಅಲ್ಲಿಯವರು ಮುಂದಿನ ಸಲ ಊರಿಗೆ ಹೋದಾಗ ಮನೆಯ ಹಿರಿಯರನ್ನ ಕೇಳಿ: ಮೇಲೆ ಹಾಕೋ ಮಣ್ಣಿಗೆ ನಿಮ್ಮೂರಲ್ಲಿ ಏನು ಹೆಸರು? ಎಲ್ಲಿಂದ ತರ್ತಿದ್ದರು? ಅದನ್ನ ತುಳಿಯೋರು ಯಾರು, ಗಂಡಸರೋ ಹೆಂಗಸರೋ? ಕೇಳಿದ್ದನ್ನ ಅವರು ಹೇಳಿದ ಮಾತಿನಲ್ಲೇ ಬರೆದಿಡಿ. ಹಾಗೇ ಕೇಳ್ತಾ ಕೂತಾಗ ಅವರಿಗೆ ಕೆಮ್ಮು ಬಂದರೆ, ದಯವಿಟ್ಟು ಡಾಕ್ಟರಿಗೂ ತೋರಿಸಿ :-)